ಬೇವಿನ ಮರಕ್ಕೆ ಕಟ್ಟಿದ ತಂತಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರು ಬಟ್ಟೆ ಒಣಹಾಕುವ ತಂತಿಯನ್ನು. ಅದು ಯಾವ ದಿಕ್ಕಿಗೆ ಕಟ್ಟಿದೆ, ಅದರ ಆಚೆಯ ತುದಿ ಯಾರ ಗೋಡೆಗೆ ಸಿಕ್ಕಿದೆ ಎಂದು ನೋಡಿಕೊಂಡ ಮೇಲೆಯೇ ನನಗೆ ಆ ಮನೆಯವರ ಮುಖ ಕಾಣುವುದು. ಮಗಳು ಬೈಯುತ್ತಾಳೆ. "ಅವ್ವಾ, ಬೀಗರ ಅಂಗಳದಾಗ ನಿಂತು ಮ್ಯಾಲ ಏನ್ ನೋಡಾಕತ್ತಿ? ಸೀರಿ ಎಣಸಾಕತ್ತಾಳ ಅಂತ ತಿಳಕೋತಾರ." ತಿಳಿದುಕೊಳ್ಳಲಿ ಬಿಡಿ. ಈ ವಯಸ್ಸಿನಲ್ಲಿ ನನ್ನ ಬಗ್ಗೆ ಅದಕ್ಕಿಂತ ಕೆಟ್ಟದ್ದನ್ನು ತಿಳಿದುಕೊಳ್ಳಲು ಅವರಿಗೆ ಬೇಕಾದಷ್ಟು ಕಾರಣಗಳಿವೆ.

ಇನ್ನೊಂದು ಚಟವೂ ಉಂಟು. ಬಸ್ಸಿನಲ್ಲಿ ಡ್ರೈವರು ಎಫ್.ಎಂ. ಹಾಡು ಹಚ್ಚಿರುತ್ತಾನೆ. ರಸ್ತೆ ಒಂದು ತಗ್ಗಿಗೆ ಇಳಿದ ಕೂಡಲೇ ಹಾಡು ಗರಗರ ಎಂದು ಸತ್ತುಹೋಗುತ್ತದೆ. ಅವನು ಪಾಪ, ರೇಡಿಯೋದ ತಲೆಗೆ ಎರಡು ಬಡಿಯುತ್ತಾನೆ. ನಾನು ಹಿಂದಿನಿಂದ "ಅದಕ್ಕ ಯಾಕ ಹೊಡೀತಿಯೋ ತಮ್ಮಾ, ದಿಬ್ಬ ಅಡ್ಡ ಬಂದದ, ಏರು ಹತ್ತು, ತಾನೇ ಹಾಡ್ತದ" ಎನ್ನುತ್ತೇನೆ. ಬಸ್ಸು ಏರು ಹತ್ತುತ್ತದೆ, ಹಾಡು ಬರುತ್ತದೆ, ಜನ ತಿರುಗಿ ನನ್ನನ್ನು ನೋಡುತ್ತಾರೆ. ಈ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಈವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ನಾವು ಆಳಂದದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಜಾರದಲ್ಲಿ ಮರಾಠಿ. ಯಾವುದೂ ಸರಿಯಾಗಿ ಬರುವುದಿಲ್ಲ ಎಂದು ಅಪ್ಪ ಬೈಯುತ್ತಿದ್ದರೂ ಮೂರೂ ನಡೆಯುತ್ತಿದ್ದವು. ಅಪ್ಪ ನಿಜಾಮರ ರಾಜ್ಯದ ಶಾಲಾಮಾಸ್ತರರು, ಹೆಸರು ಗುರುಪಾದಪ್ಪ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ನನಗಿಂತ ಎಂಟು ವರ್ಷ ದೊಡ್ಡವನು ನನ್ನ ಅಣ್ಣ ಚನ್ನಣ್ಣ. ಅವನ ಹೆಂಡತಿ ನೀಲಮ್ಮ, ನನ್ನ ವೈನಿ. ಜೇವರ್ಗಿ ಕಡೆಯ ಇಜೇರಿಯಿಂದ ನಮ್ಮ ಮನೆ ತುಂಬಿದವಳು. ಮೂರು ಸಂಜೆ ಹೊತ್ತು ಅಳುತ್ತಿದ್ದಳು, ನಾಲ್ಕನೆಯ ಸಂಜೆ ನನ್ನ ತಲೆ ಬಾಚಿ ಹೆರಳು ಹಾಕಿದಳು. ಅಲ್ಲಿಂದ ಮುಂದೆ ನನ್ನ ತಲೆ ಬೇರೆ ಯಾರ ಕೈಗೂ ಹೋಗಲಿಲ್ಲ.

ಚನ್ನಣ್ಣ ಸೋಲಾಪುರದಲ್ಲಿ ಗ್ರಾಮೊಫೋನು, ರೇಡಿಯೋ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಸಲ ಊರಿಗೆ ಬರುವಾಗ ಯಾರೋ ಬೇಡವೆಂದು ಬಿಟ್ಟುಹೋದ ಹಳೆಯ ಬ್ಯಾಟರಿ ರೇಡಿಯೋವನ್ನು ಸರಿಮಾಡಿಕೊಂಡು ಗೋಣಿಯಲ್ಲಿ ಸುತ್ತಿ ತಂದ. ಅದಕ್ಕೊಂದು ಪರವಾನಗಿ ಮಾಡಿಸಿದ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ನಡುವೆ ತಾಮ್ರದ ತಂತಿ ಎಳೆದ. ಅದಕ್ಕೆ ಏರಿಯಲ್ ಎನ್ನುತ್ತಾರೆ ಎಂದು ಹೇಳಿಕೊಟ್ಟ. ಇನ್ನೊಂದು ತಂತಿಯ ತುದಿಗೆ ತಗಡು ಬೆಸೆದು ಬಚ್ಚಲು ನೀರು ಹೋಗುವ ಕಡೆ ನೆಲದಲ್ಲಿ ಹೂಳಿದ. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಾಯಿಬಿಟ್ಟು ಒಣಗಿದರೆ ರೇಡಿಯೋದ ದನಿ ಸೊರಗುತ್ತಿತ್ತು. ಆಗ ವೈನಿ ಒಂದು ಕೊಡ ನೀರು ಅಲ್ಲಿಗೆ ಸುರಿದು ಬರುವಳು. "ಕುಡೀತು ನೋಡು, ಈಗ ಒದರ್ತದ" ಎನ್ನುವಳು. ಹಾಗೆಯೇ ಒದರುತ್ತಿತ್ತು.

ತಂತಿಯನ್ನು ಉತ್ತರ ದಕ್ಷಿಣಕ್ಕೇ ಏಕೆ ಎಳೆದೆ ಎಂದು ನಾನು ಕೇಳಿದೆ. ಮಾಳಿಗೆಯ ಮೇಲೆ ವೈನಿಯ ಸೀರೆ ಒಣಗುತ್ತಿತ್ತು. ಚನ್ನಣ್ಣ ಅದನ್ನು ತೋರಿಸಿದ.

"ಗಾಳಿ ಬಗಲಿಂದ ಬಂದರ ಸೀರಿ ಹೆಂಗ ತುಂಬತದ ನೋಡು. ತುದಿಯಿಂದ ಬಂದರ ಅಲ್ಲಾಡೂದಿಲ್ಲ. ಏರಿಯಲ್ಲೂ ಹಂಗ. ಬಗಲಾಗ ಕಿವಿ ಅದಾವ, ತುದಿಯಾಗ ಕಿವುಡು. ಮುಂಬಯಿ ಈ ಕಡಿ, ಹೈದರಾಬಾದ ಆ ಕಡಿ. ಎರಡೂ ಬಗಲಿಗೆ ಬರಬೇಕಂದ್ರ ತಂತಿ ಹಿಂಗ ಮಲಗಬೇಕು."

"ಮತ್ತ ಗುಡ್ಡ ಅಡ್ಡ ಬಂದರ?" ಎಂದಳು ವೈನಿ. ಕೆಳಗೆ ಮೆಟ್ಟಿಲ ಮೇಲೆ ಕುಳಿತು ಅವಳೂ ಕೇಳುತ್ತಿದ್ದಾಳೆಂದು ನಮಗೆ ಗೊತ್ತಿರಲಿಲ್ಲ.

"ದನಿಗೂ ನೆರಳು ಬೀಳ್ತದ ನೀಲಾ. ಗುಡ್ಡದ ನೆರಳಾಗ ಕುಂತವಗ ಬಿಸಲು ಹೆಂಗ ಸಿಗಂಗಿಲ್ಲೋ ಹಂಗ. ತಂತಿ ಎತ್ತರಕ್ಕ ಒಯ್ಯಬೇಕು."

ಆಳಂದದಲ್ಲಿ ನಮ್ಮ ಮನೆ ಮೇಲಿನ ಓಣಿಯಲ್ಲಿತ್ತು, ಸುತ್ತ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಮುಂಬಯಿ ಪಕ್ಕದ ಮನೆಯಲ್ಲಿ ಮಾತಾಡಿದಂತೆ ಕೇಳುತ್ತಿತ್ತು. ಚನ್ನಣ್ಣ ಆ ವರ್ಷದ ಸುಗ್ಗಿ ಮುಗಿಯುವ ಹೊತ್ತಿಗೆ ಸೋಲಾಪುರದಲ್ಲಿ ಫೌಜಿಗೆ ಹೆಸರು ಬರೆಸಿದ. ವೈರ್‌ಲೆಸ್ ಕೆಲಸ ಬಲ್ಲವರು ಲಡಾಯಿಗೆ ಬೇಕಾಗಿದ್ದರಂತೆ. ಅಪ್ಪ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಹೊರಡುವ ದಿನ ಅವನು ನನ್ನನ್ನು ಕರೆದು, "ಶಾಂತಾ, ರೇಡಿಯೋ ನಿನ್ನ ಕೈಯಾಗ ಕೊಟ್ಟೀನಿ. ನಿಮ್ಮ ವೈನಿಗೆ ದಿನಾ ಸುದ್ದಿ ಕೇಳಸು. ತಂತಿದು ನಿನಗ ಗೊತ್ತದಲ್ಲ" ಎಂದ. ಗೊತ್ತಿದೆ ಎಂದು ಗೋಣು ಹಾಕಿದೆ. ಹದಿನೇಳರ ಹುಡುಗಿಗೆ ಗೊತ್ತಿಲ್ಲದ್ದು ಯಾವುದಿರುತ್ತದೆ ಹೇಳಿ.

ಅವನನ್ನು ಕಳಿಸಿದ ಸಿಂಗಾಪುರದಿಂದ ಎರಡು ಕಾಗದ ಬಂದವು. ಆಮೇಲೆ ಒಂದು ಸಂಜೆ ಸಿಂಗಾಪುರ ಬಿತ್ತು ಎಂದು ಅದೇ ರೇಡಿಯೋ ಹೇಳಿತು. ಅಪ್ಪ ಎದ್ದು ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತರು. ವೈನಿ, "ಬಿತ್ತು ಅಂದ್ರ ಏನ್ ಶಾಂತಾ? ಊರು ಹೆಂಗ ಬೀಳ್ತದ?" ಎಂದು ಕೇಳಿದಳು. ಊರು ಇದೆ, ಊರೊಳಗಿನ ನಮ್ಮವರು ಶತ್ರುಗಳ ಕೈಗೆ ಸಿಕ್ಕಿದ್ದಾರೆ ಎಂದು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ಯುಗಾದಿ ಮುಗಿಯುತ್ತಲೇ ಅಪ್ಪನಿಗೆ ಅಫಜಲಪುರಕ್ಕೆ ವರ್ಗವಾಯಿತು. ಸಿಕ್ಕ ಮನೆ ಹಳ್ಳದ ಬದಿಯ ತಗ್ಗಿನ ಓಣಿಯಲ್ಲಿತ್ತು. ಮನೆಯ ಬೆನ್ನಿಗೆ, ಆಗ್ನೇಯಕ್ಕೆ, ಒಂದು ಕಲ್ಲುದಿಬ್ಬ. ದಿಬ್ಬದ ಹೆಗಲ ಮೇಲೆ, ಈಶಾನ್ಯಕ್ಕೆ, ಗೌರವ್ವ ಎಂಬ ಹಿರಿಯಳ ಮನೆ. ನಮ್ಮ ಹಿತ್ತಿಲಲ್ಲಿ, ದಿಬ್ಬದ ಕಡೆಯ ಮೂಲೆಯಲ್ಲಿ, ಒಂದು ದೊಡ್ಡ ಬೇವಿನ ಮರ. ಗಾಡಿಯಿಂದ ಸಾಮಾನು ಇಳಿಸಿದ ಮಾರನೆಯ ದಿನ ನಾನೇ ಮುಂದೆ ನಿಂತು ಏರಿಯಲ್ ಕಟ್ಟಿಸಿದೆ. ಮಾಳಿಗೆಯ ಬಿದಿರಿನಿಂದ ನೇರವಾಗಿ ಬೇವಿನ ಮರಕ್ಕೆ.

ತಂತಿಯನ್ನು ಗೌರವ್ವನ ಮಾಳಿಗೆಗೆ ಎಳೆಯಬಹುದಾಗಿತ್ತು. ಅದು ಎತ್ತರದಲ್ಲಿತ್ತು ಎಂಬುದು ಕುರುಡನಿಗೂ ಕಾಣುತ್ತಿತ್ತು. ಆದರೆ ನಾವು ಬಂದ ದಿನವೇ ಆಕೆ ಗಡಿಗೆಯಲ್ಲಿ ನೀರು ತಂದುಕೊಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ದೊಡ್ಡಾಕಿ ಆಗ್ಯಾಳ, ಇನ್ನೂ ಯಾಕ ಕೊಟ್ಟಿಲ್ರಿ ಮಾಸ್ತರ?" ಎಂದಿದ್ದಳು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವಳ ಮಾಳಿಗೆಗೆ ಹೋಗಿ ಕೈಮುಗಿದು ಕೇಳುವುದೇ? ಬೇವಿನ ಮರ ನಮ್ಮದೇ ಹಿತ್ತಿಲದ್ದು, ಯಾರನ್ನೂ ಕೇಳಬೇಕಾಗಿರಲಿಲ್ಲ. ಇಷ್ಟೇ ಕಾರಣ. ಹೇಳಿಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಇಷ್ಟು ವರ್ಷ ಬಾಯಿಮುಚ್ಚಿಕೊಂಡು ಇರುತ್ತಿರಲಿಲ್ಲವೇನೋ.

ಜ್ಯೇಷ್ಠದಲ್ಲಿ ಸೋಲಾಪುರದ ಅಂಗಡಿಯವರು ಬಸ್ಸಿನವನೊಬ್ಬನ ಬಾಯಲ್ಲಿ ಸುದ್ದಿ ಹೇಳಿ ಕಳಿಸಿದರು. ಪೂರ್ವದ ಕಡೆಯಿಂದ ಶತ್ರುಗಳ ಒಂದು ಸ್ಟೇಷನ್ನು ದೀಪ ಹಚ್ಚುವ ಹೊತ್ತಿಗೆ ಹಿಂದೂಸ್ತಾನಿಯಲ್ಲಿ ಮಾತಾಡುತ್ತದೆ, ಸೆರೆಸಿಕ್ಕ ನಮ್ಮ ಸಿಪಾಯಿಗಳ ಹೆಸರು, ಊರು ಓದುತ್ತದೆ, ಒಮ್ಮೊಮ್ಮೆ ಅವರೇ ಬಂದು ತಮ್ಮ ಬಾಯಿಂದ ಮಾತಾಡುತ್ತಾರೆ, ಹುಡುಕಿ ನೋಡಿ ಎಂದು.

ಆ ದಿನದಿಂದ ಸಂಜೆಯ ಅಡಿಗೆ ಬೇಗ ಮುಗಿಯತೊಡಗಿತು. ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ, ನಾನು ಗುಂಡಿ ತಿರುಗಿಸುವೆ, ವೈನಿ ಮಗ್ಗುಲಲ್ಲಿ ಕುಳಿತಿರುವಳು. ದಿಲ್ಲಿ ಬರುತ್ತಿತ್ತು, ಸ್ವಚ್ಛವಾಗಿ ಬರುತ್ತಿತ್ತು. ಅದಕ್ಕೇ ನನಗೆ ರೇಡಿಯೋದ ಮೇಲೆ ಅನುಮಾನ ಬರಲಿಲ್ಲ. ಪೂರ್ವದ ಸ್ಟೇಷನ್ನು ಇರಬೇಕಾದ ಜಾಗದಲ್ಲಿ ಮಾತ್ರ ಒಗ್ಗರಣೆ ಸಿಡಿದಂಥ ಸದ್ದು. ಆಷಾಢ ಹೋಯಿತು, ಶ್ರಾವಣ ಹೋಯಿತು, ಭಾದ್ರಪದವೂ ಕಳೆಯಿತು. "ಇನ್ನೊಮ್ಮೆ ತಿರುವು ಶಾಂತಾ, ಮೆಲ್ಲಕ" ಎನ್ನುತ್ತಿದ್ದಳು ವೈನಿ. ಒಂದು ದಿನ ನಾನು ಬೇಸತ್ತು, "ಆ ಸ್ಟೇಷನ್ನೇ ಇಲ್ಲ ವೈನಿ. ಬಸ್ಸಿನವ ಏನೋ ಸುಳ್ಳು ಹೇಳ್ಯಾನ" ಎಂದುಬಿಟ್ಟೆ. ಅವಳು ವಾದಿಸಲಿಲ್ಲ. ನನಗೆ ಗೊತ್ತಿರುತ್ತದೆ ಎಂದು ನಂಬಿದ್ದಳು.

ದಸರೆಗೆ ಮನೆಯ ಬಟ್ಟೆಯನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಹರವಿದ್ದೆವು. ವೈನಿ ಒಮ್ಮೆಲೇ ಕೈಯಲ್ಲಿದ್ದ ಸೀರೆ ಬಿಟ್ಟು ನಿಂತಳು.

"ಶಾಂತಾ, ಸಿಂಗಾಪುರ ಯಾವ ದಿಕ್ಕಿಗೆ ಅದ?"

"ಪೂರ್ವಕ್ಕ."

"ಬರೇ ಪೂರ್ವಕ್ಕೋ, ಏನ್ ಒಂದೀಟು ಓರಿ ಅದನೋ?"

ಕೆಳಗೆ ಹೋಗಿ ಅಪ್ಪನ ಶಾಲೆಯ ನಕಾಶೆ ಬಿಚ್ಚಿದೆ. ನಮ್ಮ ಸೀಮೆಯ ಮೇಲೆ ಒಂದು ಬೆರಳು, ಸಿಂಗಾಪುರದ ಮೇಲೆ ಒಂದು ಬೆರಳು ಇಟ್ಟೆ. ಆಗ್ನೇಯ. ಹಿತ್ತಿಲಿಗೆ ಬಂದು ನೋಡಿದೆ. ನಮ್ಮ ತಂತಿ ಸರಿಯಾಗಿ ಆ ಕಡೆಗೇ ತುದಿ ಮಾಡಿಕೊಂಡು ಮಲಗಿತ್ತು. ಅದರಾಚೆ ದಿಬ್ಬ. ಕಿವುಡು ತುದಿಯನ್ನು ಸಿಂಗಾಪುರಕ್ಕೆ ಕೊಟ್ಟು, ಮೇಲೆ ಒಂದು ಗುಡ್ಡವನ್ನೂ ಅಡ್ಡ ಇಟ್ಟುಕೊಂಡು, ನಾನು ಮೂರು ತಿಂಗಳು ಗುಂಡಿ ತಿರುಗಿಸಿದ್ದೆ.

ವೈನಿ ಕೆಳಗೆ ಬಂದು ತಂತಿಯ ತುದಿ ನೋಡಿದಳು. ತಲೆಯ ಮೇಲೆ ಸೆರಗು ಹೊದ್ದು ದಿಬ್ಬ ಹತ್ತಿ ಹೋದಳು. ಗೌರವ್ವನ ದನಿ ನಮ್ಮ ಹಿತ್ತಿಲಿಗೆ ಕೇಳಿಸಿತು. "ಕಟ್ಕೋ ಬೇ ಮಗಳ! ತಂತಿ ಕಟ್ಟಿದರ ನಮ್ಮ ಮಾಳಗಿ ಸವೀತದೇನು? ಗಂಡನ ಸುದ್ದಿ ಕೇಳಾಕ ಕಟ್ಟೂ ತಂತಿಗೆ ಯಾರರ ಅಪ್ಪಣಿ ಕೇಳ್ತಾರೇನು?" ಆಕೆಯೇ ತನ್ನ ಮನೆಯ ಉದ್ದನೆಯ ಬಿದಿರು ತಂದು ನಿಲ್ಲಿಸಿಕೊಟ್ಟಳು. ನಾನು ಕೆಳಗಿನಿಂದ ತಂತಿ ಕೊಟ್ಟೆ, ತಲೆಯೆತ್ತಲಿಲ್ಲ. ಈಗ ತಂತಿಯ ಬಗಲು ಆಗ್ನೇಯಕ್ಕೆ ಬಿದ್ದಿತ್ತು.

ಅಂದು ಸಂಜೆ ಗುಂಡಿಯನ್ನು ಅದೇ ಜಾಗಕ್ಕೆ ತಂದೆ. ಸಿಡಿಯುವ ಸದ್ದಿನ ಒಳಗಿನಿಂದ ಒಬ್ಬ ಮನುಷ್ಯ ಎದ್ದುಬಂದ. ದೂರದಿಂದ, ಬಾವಿಯ ತಳದಿಂದ ಬಂದಂತೆ, ಆದರೂ ಒಂದೊಂದು ಮಾತೂ ತಿಳಿಯುವಂತೆ. ಹೆಸರು, ತಂದೆಯ ಹೆಸರು, ಊರು. ಖೈರಿಯತ್ ಸೇ ಹೈ, ಕ್ಷೇಮವಾಗಿದ್ದಾನೆ. ಮತ್ತೆ ಹೆಸರು, ತಂದೆಯ ಹೆಸರು, ಊರು. ವೈನಿ ನನ್ನ ಮೊಣಕೈ ಹಿಡಿದಿದ್ದಳು. ಸ್ಟೇಷನ್ನು ಮುಗಿದು ಅವಳು ಕೈ ಬಿಟ್ಟಾಗ ಅಲ್ಲಿ ಬೆರಳಿನ ನಾಲ್ಕು ಗುರುತು ಮೂಡಿದ್ದವು.

ಚನ್ನಣ್ಣನ ಹೆಸರು ಆ ದಿನ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಪಂಜಾಬದವರು, ಮದರಾಸಿನ ಕಡೆಯವರು, ಕೊಂಕಣದವರು, ಯಾರ ಯಾರ ಮಕ್ಕಳೋ ಬಂದುಹೋದರು. ಒಂದು ಸಂಜೆ ಒಬ್ಬ ಹುಡುಗ ತಾನೇ ಮಾತಾಡಿದ. ತನ್ನ ಅಮ್ಮನಿಗೆ, ಎಮ್ಮೆ ಈದಿತೇ, ಹೆಣ್ಣುಕರುವೋ ಗಂಡುಕರುವೋ ಎಂದು ಕೇಳಿದ. ವೈನಿಗೆ ಅದನ್ನು ಕನ್ನಡ ಮಾಡಿ ಹೇಳಿದೆ. ಅವಳು ಕೇಳಿದಳು.

"ಈ ಮಾತು ಅವರವ್ವಗ ಮುಟ್ಟೇತೇನು?"

"ಅವರ ಊರಾಗ ರೇಡಿಯೋ ಇದ್ದರ ಮುಟ್ಟೇತಿ."

"ಇದ್ದರೂ ನಮ್ಮಂಗ ತಗ್ಗಿನಾಗ ಇದ್ದರ?"

ಅವಳು ಅಪ್ಪನ ಪೆಟ್ಟಿಗೆಯಿಂದ ಒಂದು ಕಾರ್ಡು ತಂದು ನನ್ನ ಮುಂದೆ ಇಟ್ಟಳು. "ಊರ ಹೆಸರು ಹೇಳ್ಯಾನಲ್ಲ. ಬರಿ."

ಹಾಗೆ ಶುರುವಾಯಿತು. ನಿಮ್ಮ ಮಗ ಇಂಥವನು ಇಂಥ ದಿನ ರೇಡಿಯೋದಲ್ಲಿ ಮಾತಾಡಿದ, ಅಥವಾ ಅವನ ಹೆಸರು ಓದಿದರು, ಕ್ಷೇಮವಾಗಿದ್ದಾನೆ. ಉರ್ದುವಿನಲ್ಲಿ ಇಷ್ಟೇ ಬರೆಯುತ್ತಿದ್ದೆ. ಶತ್ರುವಿನ ಸ್ಟೇಷನ್ನಿನ ಮಾತನ್ನು ಹಬ್ಬಿಸುವುದು ಅಪರಾಧ ಎಂದು ನನಗೆ ಗೊತ್ತಿತ್ತು, ಅವಳಿಗೂ ಹೇಳಿದ್ದೆ. ಕೆಳಗೆ ನಮ್ಮ ಹೆಸರು ಹಾಕುವುದು ಬೇಡ ಎಂದೆ. ವೈನಿ ಕೇಳಲಿಲ್ಲ. "ಹೆಸರಿಲ್ಲದ ಕಾರ್ಡು ಯಾವ ತಾಯಿ ನಂಬ್ಯಾಳು? ಯಾರೋ ಕುಚೇಷ್ಟಿ ಮಾಡ್ಯಾರ ಅಂತಾಳ. ಮಾವಾರ ಹೆಸರು ಹಾಕು." ಅಪ್ಪನಿಗೆ ನಾವು ಹೆಸರು ಕೇಳುವುದು ಗೊತ್ತಿತ್ತು, ಕಾರ್ಡಿನ ವಿಷಯ ಗೊತ್ತಿರಲಿಲ್ಲ. ಊರಿನ ಟಪಾಲಿನಲ್ಲಿ ಹಾಕಿದರೆ ತಿಳಿದುಬಿಡುತ್ತದೆ ಎಂದು ಗುರುವಾರ ಗುರುವಾರ ವೈನಿ ಗೌರವ್ವನ ಜೊತೆ ಗಾಡಿಯಲ್ಲಿ ಚೌಡಾಪುರಕ್ಕೆ ಹೋಗುವಳು. ಗಾಣಗಾಪುರದ ದರ್ಶನ ಮುಗಿಸಿ ಹಿಂದಿರುಗುವ ಪರ ಊರಿನವರು ಅಲ್ಲಿ ಬಸ್ಸಿಗೆ ನಿಂತಿರುತ್ತಿದ್ದರು. ಅವರಲ್ಲಿ ಮುಖ ನೋಡಿ ಒಬ್ಬ ಹೆಂಗಸನ್ನು ಆರಿಸಿ, ಕಾರ್ಡು ಕೊಟ್ಟು, "ನಿಮ್ಮ ಊರಾಗ ಡಬ್ಬಿಗೆ ಹಾಕ್ರಿ ಯವ್ವಾ" ಎನ್ನುವಳು. ಅವಳು ತನ್ನ ಗಂಡನ ಹೆಸರಿಗಾಗಿ ಸಂಜೆ ಕಾಯುವುದೂ, ಬೇರೆಯವರ ಮಕ್ಕಳ ಹೆಸರನ್ನು ಗುರುವಾರ ಕಳಿಸುವುದೂ ಒಂದೇ ಕೆಲಸವಾಗಿಬಿಟ್ಟವು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆ ಗಾಡಿಯಿಂದ ಇಳಿಯುವಾಗ.

ಶಿವರಾತ್ರಿಯ ಹತ್ತಿರ ಠಾಣೆಯ ಅಮೀನರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅವರ ಮಗ ಅಪ್ಪನ ಬಳಿ ಓದುತ್ತಿದ್ದ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಬಂದು, ಜೇಬಿನಿಂದ ಒಂದು ಕಾರ್ಡು ತೆಗೆದು ಅಪ್ಪನ ಮುಂದೆ ಹಿಡಿದರು.

"ಮಾಸ್ತರ, ಈ ಖತ್ ನಿಮ್ದೇನ್ರಿ? ಮ್ಯಾಲಿಂದ ಬಂದದ. ನಾ ಕೇಳಲೇಬೇಕು."

ಅಪ್ಪ ಕಾರ್ಡು ಕೈಗೆ ತೆಗೆದುಕೊಂಡರು. ಆ ಅಕ್ಷರಗಳನ್ನು ಕೈಹಿಡಿದು ತಿದ್ದಿಸಿದವರು ಅವರೇ. ಒಳಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲಿಲ್ಲ. ಓದಿದರು, ಮಡಿಸಿದರು.

"ಹೌದ್ರಿ, ನಂದೇ."

"ನಿಮ್ಮ ಅಕ್ಷರ ನನಗ ಗೊತ್ತದ ಮಾಸ್ತರ."

"ವಯಸ್ಸಾತು, ಕೈ ನಡಗ್ತದ. ನಂದೇ ಬರಕೋರಿ."

ಅಮೀನರು ಹಾಗೆಯೇ ಬರೆದುಕೊಂಡರು. ರೇಡಿಯೋವನ್ನು ಇಬ್ಬರು ಸಿಪಾಯಿಗಳು ಹೊತ್ತುಕೊಂಡು ಹೋದರು. ಏರಿಯಲ್ಲನ್ನು ಬಿಚ್ಚುವಾಗ ಗೌರವ್ವ ತನ್ನ ಮಾಳಿಗೆಯ ಮೇಲೆ ನಿಂತು ಅವರನ್ನು ಬಾಯಿಗೆ ಬಂದಂತೆ ಬೈದಳು. ಅಪ್ಪ ಎರಡು ದಿನ ಠಾಣೆಯಲ್ಲಿದ್ದು ಬಂದರು. ದರ್ಜೆ ಇಳಿಸಿ ಜೇವರ್ಗಿಗೆ ಹಾಕಿದರು. ಮನೆಗೆ ಬಂದ ದಿನ ವೈನಿ ಅವರ ಕಾಲಿಗೆ ಬಿದ್ದು, "ತಪ್ಪು ನಂದ್ರಿ ಮಾವಾರ, ಶಾಂತಾಂದಲ್ಲ" ಎಂದಳು. ಅಪ್ಪ ಕೇಳಿದರು, "ಎಷ್ಟು ಬರದಿದ್ರಿ?"

"ಇಪ್ಪತ್ತರ ಮ್ಯಾಲ ಆಗ್ಯಾವ್ರಿ."

"ಸಿಕ್ಕಿದ್ದು ಒಂದೇ. ಉಳದಾವು ಮುಟ್ಟಿರಬೇಕು, ಏಳವ್ವಾ."

ಜೇವರ್ಗಿ ಬಯಲು. ಯಾವ ಕಡೆ ನೋಡಿದರೂ ಎರೆ, ಕಣ್ಣಿಗೆ ಅಡ್ಡ ಬರುವುದು ಒಂದೂ ಇಲ್ಲ. ರೇಡಿಯೋ ಇದ್ದಿದ್ದರೆ ಲೋಕವೇ ಕೇಳುತ್ತಿತ್ತು ಎಂದು ನಾನು ಒಂದು ಸಲ ಅಂದೆ. ವೈನಿ ಎದ್ದು ಒಳಗೆ ಹೋದಳು. ಆಮೇಲೆ ಆ ಮಾತು ಎತ್ತಲಿಲ್ಲ. ಎರಡು ವರ್ಷ, ಮೂರು ವರ್ಷ. ಲಡಾಯಿ ಮುಗಿಯಿತು ಎಂದು ಶಾಲೆಯಲ್ಲಿ ಮಿಠಾಯಿ ಹಂಚಿದರು. ಅಪ್ಪ ತಮ್ಮ ಪಾಲಿನದನ್ನು ರುಮಾಲಿನಲ್ಲಿ ಕಟ್ಟಿ ತಂದು ವೈನಿಯ ಕೈಗೆ ಕೊಟ್ಟರು. ಅವಳು ಅದನ್ನು ಡಬ್ಬಿಯಲ್ಲಿ ಇಟ್ಟಳು. ಯಾರಿಗಾಗಿ ಎಂದು ನಾವು ಕೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ, ಮಧ್ಯಾಹ್ನ, ಕಲಬುರಗಿಯ ಬಸ್ಸಿನಿಂದ ಇಳಿದ ಒಬ್ಬ ಮನುಷ್ಯ ಶಾಲೆ ಕೇಳಿಕೊಂಡು ಬಂದ. ಅಪ್ಪನೇ ಕರೆತಂದರು. ಒಂದು ಕಾಲು ಎಳೆದು ಹಾಕುತ್ತಿದ್ದ. ಹೆಸರು ತುಕಾರಾಮ, ಸಾತಾರದ ಕಡೆಯವನು, ಚನ್ನಣ್ಣನ ಜೊತೆ ಸೆರೆಯ ಕ್ಯಾಂಪಿನಲ್ಲಿದ್ದವನು. ಮೊದಲು ಆಳಂದಕ್ಕೆ ಹೋಗಿ, ಅಲ್ಲಿಂದ ಅಫಜಲಪುರಕ್ಕೆ ಹೋಗಿ, ನಮ್ಮನ್ನು ಹುಡುಕುತ್ತ ಬಂದಿದ್ದ. ಅವನಿಗೆ ಬರುತ್ತಿದ್ದುದು ಮರಾಠಿ. ವೈನಿಗೆ ಅದು ಬಾರದು. ಅವಳ ಹಣೆಯ ಕುಂಕುಮ, ಕೈಯ ಬಳೆ ನೋಡಿ ಅವನು ಕುಡಿಯಲು ನೀರು ಕೇಳಿದ. ಎರಡು ತಂಬಿಗೆ ನೀರು ಕುಡಿದ. ಆಮೇಲೆ ಹೇಳಿದ.

ಸೆರೆಯವರನ್ನೆಲ್ಲ ಹಡಗಿನಲ್ಲಿ ತುಂಬಿ ಒಂದು ದ್ವೀಪಕ್ಕೆ ಒಯ್ದಿದ್ದರು. ಸೊಪ್ಪು, ಬೇರು ತಿಂದು ಎಲ್ಲರಿಗೂ ಹೊಟ್ಟೆ ಕೆಟ್ಟಿತು. ಚನ್ನಣ್ಣನಿಗೆ ಜ್ವರವೂ ಸೇರಿತು. ಹನ್ನೊಂದು ದಿನ ಮಲಗಿದ್ದ. ಸುಡಬೇಡಿ, ನಮ್ಮಲ್ಲಿ ಮಣ್ಣು ಕೊಡುತ್ತಾರೆ ಎಂದು ಅವನೇ ಹೇಳಿದ್ದನಂತೆ, ಹಾಗೇ ಮಾಡಿದರು. ಮಣ್ಣು ಹಾಕಿದವರಲ್ಲಿ ತಾನೂ ಒಬ್ಬ.

ಇದನ್ನು ಕನ್ನಡ ಮಾಡಿ ಹೇಳಬೇಕಾದವಳು ನಾನು. ಹೇಳಿದೆ. ವೈನಿ ಗೋಡೆಗೆ ಆತು ಕುಳಿತಳು. ಕೂಗಲಿಲ್ಲ. ಅಪ್ಪ ಮುಖದ ಮೇಲೆ ರುಮಾಲು ಎಳೆದುಕೊಂಡಿದ್ದರು.

ತುಕಾರಾಮನಿಗೆ ಏನಾದರೂ ಒಳ್ಳೆಯದನ್ನು ಹೇಳಬೇಕೆನ್ನಿಸಿರಬೇಕು. "ಅವನು ರೇಡಿಯೋದಲ್ಲಿ ಮಾತಾಡಿದ್ದ, ಕೇಳಿದಿರಾ?" ಎಂದು ಕೇಳಿದ.

ರೇಡಿಯೋ ಎಂಬ ಮಾತಿಗೆ ಕನ್ನಡ ಬೇಕಾಗಿರಲಿಲ್ಲ. ವೈನಿ ತಲೆಯೆತ್ತಿದಳು. "ಏನಂತಾನ? ರೇಡಿಯೋದಾಗ ಏನು?"

ಹೇಳಿದೆ. ಸಿಂಗಾಪುರದ ಕ್ಯಾಂಪಿನಲ್ಲಿದ್ದಾಗ ಕೆಲವರನ್ನು ಆರಿಸಿ ಒಯ್ದರು. ಚನ್ನಣ್ಣ ಬರೆದುಕೊಟ್ಟದ್ದನ್ನು ಓದಿದ. ಹೆಸರು, ಅಪ್ಪನ ಹೆಸರು, ಆಳಂದ, ಖೈರಿಯತ್. ಓದಿ ಮುಗಿಸಿ, ಯಾರೂ ತಡೆಯುವ ಮೊದಲೇ, ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿದ. ಹೇಳಿ ನಕ್ಕ. ಹೊರಗೆ ಬಂದ ಮೇಲೆ ಏನು ಹೇಳಿದೆ ಎಂದು ತುಕಾರಾಮ ಕೇಳಿದನಂತೆ. ಅದು ಮನೆಯ ಮಾತು ಬಿಡು ಅಂದನಂತೆ.

"ಏನಂದ್ರು? ನೆನಪು ಮಾಡ್ಕೋ ಅನ್ನು ಶಾಂತಾ. ಬರೇ ದನಿ ಹೆಂಗಿತ್ತು, ಹಂಗ ಅನ್ನಾಕ ಹೇಳು."

ಅವನು ಕಣ್ಣುಮುಚ್ಚಿದ. ತುಟಿ ಅಲ್ಲಾಡಿಸಿದ. ಏನೋ ಎರಡು ಸದ್ದು ಹೊರಬಂದವು, ಯಾವ ಭಾಷೆಯ ಮಾತೂ ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ಕೈಮುಗಿದು, ಆಗುವುದಿಲ್ಲ ತಾಯಿ ಎಂದ.

"ಯಾವಾಗ ಮಾತಾಡಿದ್ರಂತ? ಕೇಳು."

ಕೇಳಿದೆ. ಸಿಂಗಾಪುರ ಬಿದ್ದ ವರ್ಷವೇ, ಅಗಸ್ಟಿನಲ್ಲಿ ಎಂದ. ಮಳೆಯಲ್ಲಿ ನೆನೆದುಕೊಂಡು ಹೋಗಿದ್ದು ಚೆನ್ನಾಗಿ ನೆನಪಿದೆ ಎಂದ.

ಅಗಸ್ಟು ಎಂದರೆ ಶ್ರಾವಣ. ಶ್ರಾವಣ ಎಂದರೆ ನಾನು ದಿನಾ ಸಂಜೆ ಗುಂಡಿ ತಿರುಗಿಸುತ್ತಿದ್ದ ತಿಂಗಳು. ಅವಳು ನನ್ನ ಮಗ್ಗುಲಲ್ಲೇ ಕುಳಿತಿದ್ದಳು. ಅವನ ದನಿ ನಮ್ಮ ಮನೆಯ ಮೇಲಿಂದ ಹಾದು ಹೋಗಿತ್ತು.

ವೈನಿಗೆ ಅಗಸ್ಟು ಗೊತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ನನ್ನ ಬಾಯಿಂದ ಹೊರಟದ್ದು ಇದು:

"ನಾವು ಜೇವರ್ಗಿಗೆ ಬಂದ ಮ್ಯಾಲಂತ ವೈನಿ. ರೇಡಿಯೋ ಹೋದ ಮ್ಯಾಲ."

ಅಪ್ಪನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ರುಮಾಲು ಸರಿಸಿ ನನ್ನನ್ನು ನೋಡಿದರು.

ಆ ಮಾತು ಆಡುವಾಗ ನನ್ನ ತಪ್ಪೊಂದನ್ನು ಮುಚ್ಚುತ್ತಿದ್ದೇನೆ ಎಂದಷ್ಟೇ ನನಗೆ ಗೊತ್ತಿತ್ತು. ಅದನ್ನು ಯಾರ ಮೇಲೆ ಹೊರಿಸುತ್ತಿದ್ದೇನೆ ಎಂದು ಹೊಳೆಯಲಿಲ್ಲ. ರೇಡಿಯೋ ಹೋದದ್ದು ಕಾರ್ಡಿನಿಂದ. ಕಾರ್ಡು ಬರೆಸಿದವಳು ವೈನಿ.

ತುಕಾರಾಮ ಊಟ ಮಾಡಿ ಸಂಜೆಯ ಬಸ್ಸಿಗೆ ಹೋದ. ಓಣಿಯ ಹೆಂಗಸರು ಬಂದರು, ಮಾಡಬೇಕಾದದ್ದನ್ನು ಮಾಡಿದರು, ಬಳೆ ತೆಗೆದರು. ಮೂರನೆಯ ದಿನ ಮುಂಜಾನೆ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದರು. "ಶಾಂತಾ, ಆಕಿಗೆ ಹೇಳಿಬಿಡು. ನಾ ಹೇಳಿದರ ನಡಿಯಂಗಿಲ್ಲ. ನೀನೇ ಹೇಳಬೇಕು." ಹೇಳುತ್ತೇನೆ ಎಂದೆ. ಹೇಳಲೆಂದೇ ಅಡಿಗೆಮನೆಗೆ ಹೋದೆ.

ವೈನಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಳೆಯಿಲ್ಲದ ಕೈಯ ಸದ್ದು ಬೇರೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು, ರೊಟ್ಟಿಯಿಂದ ಕಣ್ಣು ತೆಗೆಯದೆ.

"ಶಾಂತಾ, ಮೂರು ದಿನದಿಂದ ಒಂದೇ ವಿಚಾರ ಮಾಡಾಕತ್ತೇನಿ. ನಾ ಕಾರ್ಡು ಬರಸಲಿಲ್ಲಂದ್ರ ರೇಡಿಯೋ ಇರ್ತಿತ್ತು. ಅವರ ದನಿ ನಾ ಕೇಳ್ತಿದ್ದೆ."

ನಾನು ನಿಂತೇ ಇದ್ದೆ.

"ಬರಸಿದ್ದು ತಪ್ಪೇನು?"

"ತಪ್ಪಲ್ಲ ವೈನಿ."

"ಎಮ್ಮಿ ಈದತೇನು ಅಂತ ಕೇಳಿದ್ದನಲ್ಲ ಆ ಹುಡುಗ. ಅವರವ್ವಗ ಮುಟ್ಟಿರ್ತದ?"

"ಮುಟ್ಟಿರ್ತದ."

"ಹಂಗಾದರ ಆತು ಬಿಡು. ನನ್ನ ಪಾಲಿಂದು ಆಕಿಗೆ ಹೋತು ಅಂತ ತಿಳಕೋತೀನಿ."

ಈಗ ಹೇಳು, ಈಗ ಹೇಳು ಎಂದು ಒಳಗೆ ಒಂದೇ ಸವನೆ ಬಡಿದುಕೊಳ್ಳುತ್ತಿತ್ತು. ಹೇಳಿದರೆ ಅವಳು ಕಷ್ಟಪಟ್ಟು ಕಟ್ಟಿಕೊಂಡ ಸಮಾಧಾನವೂ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಹಳ ವರ್ಷ ಹಾಗೆಯೇ ಹೇಳಿಕೊಳ್ಳುತ್ತ ಬಂದೆ. ನಿಜವಾಗಿ ನಾನು ಹೆದರಿದ್ದೆ. ಅವಳು ಕೈಯಲ್ಲಿನ ಹಿಟ್ಟು ಬಿಟ್ಟು ನನ್ನ ಕಡೆ ತಿರುಗಿದರೆ ಆ ಮುಖ ಹೇಗಿರುತ್ತದೆ ಎಂದು ಹೆದರಿದ್ದೆ. ಅಪ್ಪ ಮತ್ತೆ ಕೇಳಲಿಲ್ಲ. ಆ ವರ್ಷವೇ ನನ್ನನ್ನು ಕೊಟ್ಟರು. ಅಪ್ಪ ಹೋದ ಮೇಲೆ ವೈನಿ ಇಜೇರಿಗೆ ಹೋಗಿ ತಮ್ಮನ ಮಕ್ಕಳನ್ನು ಬೆಳೆಸಿದಳು. ನನ್ನ ಮೂರು ಬಾಣಂತನಗಳನ್ನೂ ಅವಳೇ ಬಂದು ಮಾಡಿದಳು.

"ನಿಂತೀ ಯಾಕ? ಕುಂಡ್ರು" ಎಂದಳು ವೈನಿ ಆ ಮುಂಜಾನೆ. ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ, ಮೇಲೆ ಪುಂಡಿಪಲ್ಯ ಬಡಿಸಿ ನನ್ನ ಮುಂದೆ ಸರಿಸಿದಳು. ನಾನು ಕುಳಿತು ಉಂಡೆ.